ಬಾಗಿಲಿಗೆ ಬರುವ ಕೋಣ

ಸಾಂಗ್ಲಿಯ ಪೇಟೆಯಲ್ಲಿ ನೀಲಗಂಗವ್ವನನ್ನು ಜನ ಕೋಣದವ್ವ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಮೊದಲು ಚೇಷ್ಟೆಗೆ ಕರೆದರು, ಆಮೇಲೆ ಸಿಟ್ಟಿನಿಂದ ಕರೆದರು, ಕಡೆಗೆ ಅದೇ ಅವಳ ಹೆಸರಾಗಿ ಉಳಿಯಿತು. ಯಾರು ಹೇಗೆ ಕರೆದರೂ ಅವಳು ತಲೆ ಎತ್ತಿ ‘ಏನ್ರಿ’ ಎಂದು ಓಗೊಡುತ್ತಿದ್ದಳು. ಆ ಹೆಸರು ಬಂದದ್ದು ಒಂದು ತಪ್ಪಿನಿಂದ. ತಪ್ಪೆಂದು ತಿಳಿದ ಮೇಲೂ ಅವಳು ಅದನ್ನು ಬಿಟ್ಟುಕೊಡಲಿಲ್ಲ.

ಅವಳದು ಚಿಕ್ಕೋಡಿ ಕಡೆಯ ಹಳ್ಳಿ. ಸಾಂಗ್ಲಿಯ ಅರಿಶಿನ ವ್ಯಾಪಾರಿಗಳ ಲಿಂಗಾಯತ ಮನೆತನಕ್ಕೆ, ಹಿರಿಯ ಮಗ ಗುರುಪಾದನಿಗೆ ಅವಳನ್ನು ಕೊಟ್ಟಿದ್ದರು. ಆ ಮನೆಯ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಗಂಡನ ಮನೆಗೆ ಬಂದು ಎರಡನೆಯ ವರ್ಷ, ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯ ಜ್ವರ ಊರ ಮೇಲೆ ಬಂತು. ಗುರುಪಾದ ಐದು ದಿನ ಮಲಗಿದ, ಆರನೆಯ ದಿನ ಇರಲಿಲ್ಲ. ನೀಲಗಂಗವ್ವನಿಗೆ ಆಗ ಹತ್ತೊಂಬತ್ತು. ಮಕ್ಕಳಿರಲಿಲ್ಲ. ಅತ್ತದ್ದು ಕಡಿಮೆ, ಆದರೆ ಬೆಳಗಾದರೆ ಹಾಸಿಗೆಯಿಂದ ಏಳುವುದನ್ನೇ ಬಿಟ್ಟಳು. ಏತಕ್ಕೆ ಏಳಬೇಕು ಎಂದು ಮನೆಯವರನ್ನೇ ಕೇಳುತ್ತಿದ್ದಳು.

ಹರಿಪುರದ ನೆಲದೊಳಗಿನ ಹಗೇವುಗಳಿಗೆ ಅರಿಶಿನ ತುಂಬಲು ಮನೆಯ ಚಕ್ಕಡಿ ಹೋಗುತ್ತಿತ್ತು. ಒಂದು ಸೋಮವಾರ ಅತ್ತೆ ಆಕೆಯನ್ನು ಅದರಲ್ಲಿ ಕೂರಿಸಿ ಕಳಿಸಿದಳು. ಕೃಷ್ಣೆ ಮತ್ತು ವಾರಣೆ ಕೂಡುವಲ್ಲಿ ಒಬ್ಬ ಮರಾಠಿ ಬೈರಾಗಿ ಗುಡಿಸಲು ಹಾಕಿಕೊಂಡಿದ್ದ. ಯೋಗ ಸಾಧಿಸಿದವನೆಂದು ಹೆಸರಿತ್ತು. ಜನ ಮಹಾರಾಜ ಎನ್ನುತ್ತಿದ್ದರು. ನೀಲಗಂಗವ್ವ ಅವನ ಮುಂದೆ ಕೂತಳು. ಏನು ಕೇಳಬೇಕೋ ತಿಳಿಯಲಿಲ್ಲ. ಕೇಳಲು ಮರಾಠಿಯೂ ಬರುತ್ತಿರಲಿಲ್ಲ. ಅವನು ಅವಳನ್ನು ನೋಡಿ, ಹಣೆಗೆ ಭಸ್ಮ ಹಚ್ಚಿ, ಒಂದೇ ಮಾತು ಹೇಳಿದ.

“ದಾರಾತ ಕೋಣ ಯೇತೋ, ನೀಟ ಬಘ. ತೋಚ ದೇವ.”

ಚಕ್ಕಡಿಯಲ್ಲಿ ಮರಳಿ ಬರುವಾಗ ಅವಳು ಆ ಮಾತನ್ನು ಬಿಡಿಸಿಕೊಂಡಳು. ದಾರ ಎಂದರೆ ಬಾಗಿಲು, ಅಷ್ಟು ಗೊತ್ತಿತ್ತು. ಯೇತೋ ಎಂದರೆ ಬರುತ್ತಾನೆ. ಬಘ ಎಂದರೆ ನೋಡು. ಕೋಣ, ನೀಟ, ದೇವ ಇವಂತೂ ಕನ್ನಡದವೇ. ಬಾಗಿಲಿಗೆ ಕೋಣ ಬರುತ್ತದೆ, ನೀಟಾಗಿ ನೋಡು, ಅದೇ ದೇವರು. ಅವಳ ಮೈ ಜುಮ್ಮೆಂದಿತು. ಯಾಕೆಂದರೆ ಅವರ ಬಾಗಿಲಿಗೆ ನಿಜವಾಗಿಯೂ ಪ್ರತಿದಿನ ಬೆಳಿಗ್ಗೆ ಒಂದು ಕೋಣ ಬರುತ್ತಿತ್ತು. ಹರಿಪುರದಲ್ಲಿ ಕೂತ ಮಹಾರಾಜನಿಗೆ ಅದು ಹೇಗೆ ತಿಳಿಯಿತು?

ಅದು ಪಖಾಲಿ ಮೀರಾಸಾಬನ ಕೋಣ. ಬೆನ್ನಿನ ಎರಡೂ ಬದಿಗೆ ತೊಗಲಿನ ದೊಡ್ಡ ಚೀಲ ಇಳಿಬಿಟ್ಟುಕೊಂಡು ಕೃಷ್ಣೆಯ ಘಟ್ಟದಿಂದ ನೀರು ಹೊತ್ತು ತರುತ್ತಿತ್ತು. ತೊಗಲಿನ ನೀರನ್ನು ಆ ಮನೆಯವರು ಕುಡಿಯುತ್ತಿರಲಿಲ್ಲ. ಅಂಗಳಕ್ಕೆ ಚೆಲ್ಲಲು, ದಾಸ್ತಾನಿನ ವಖಾರಿಯಲ್ಲಿ ಅರಿಶಿನದ ಧೂಳು ಅಡಗಿಸಲು ಬಳಸುತ್ತಿದ್ದರು. ಮೀರಾಸಾಬ ಮಿರಜೆಯವನು, ಅಲ್ಲಿನ ದರ್ಗಾದ ಹೆಸರನ್ನೇ ಅವನಿಗೆ ಇಟ್ಟಿದ್ದರು. ನೀರು ಬಿಡುವಾಗ ತಲೆ ಎತ್ತಿ ಮನೆಯ ಒಳಗೆ ನೋಡಿದವನಲ್ಲ.

ಮರುದಿನ ನೀಲಗಂಗವ್ವ ಎದ್ದಳು. ಮಿಂದು, ಲಿಂಗಪೂಜೆ ಮಾಡಿ, ಹೊಸ್ತಿಲಲ್ಲಿ ನಿಂತಳು. ಕೋಣ ಬಂತು. ನೋಡಿದಳು. ಅದಕ್ಕೆ ಕೈ ಮುಗಿದು “ಶರಣ್ರಿ” ಅಂದಳು. ಗುರುವಿನ ಮಾತನ್ನು ಯಾರಿಗೂ ಹೇಳಬಾರದು ಎಂದು ಕೇಳಿದ್ದಳಾದ್ದರಿಂದ ಹೇಳಲಿಲ್ಲ. ಮುಂದೆ ಮರಾಠಿ ಕಲಿತಳು. ಬಾಗಿಲು ಬಡಿದರೆ ‘ಕೋಣ ಆಹೇ?’, ಅಂದರೆ ಯಾರು ಅಂತ, ತಾನೇ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಆದರೂ ಮಹಾರಾಜನ ಮಾತನ್ನು ಇನ್ನೊಮ್ಮೆ ಬಿಡಿಸಿ ನೋಡುವುದು ಅವಳಿಗೆ ಹೊಳೆಯಲೇ ಇಲ್ಲ. ಅದನ್ನು ಅವಳು ದೇವರ ಜಗಲಿಯ ಪಾತ್ರೆಯ ಹಾಗೆ ಬೇರೆ ಇಟ್ಟಿದ್ದಳು. ದಿನಬಳಕೆಯ ಮರಾಠಿಯೊಳಗೆ ಅದನ್ನು ಬೆರೆಸಲಿಲ್ಲ.

ಮೊದಲ ವರ್ಷ ಅವಳಿಗೆ ಕಂಡದ್ದು ಕೋಡು, ಕೆಸರು, ನೊಣ. ಮೀರಾಸಾಬ ಹೆದರಿಕೊಂಡ. ಕೋಣ ಹೊಸ್ತಿಲ ಮುಂದೆ ಹೊಲಸು ಮಾಡುತ್ತದೆಂದು ಕಾವಲು ನಿಂತಿದ್ದಾಳೆ ಎಂದುಕೊಂಡು ಕೈಯಲ್ಲಿ ಒಂದು ಕಸಬರಿಗೆ ಹಿಡಿದೇ ಬರತೊಡಗಿದ. ಆಮೇಲೆ ಒಂದು ದಿನ ಧೈರ್ಯ ಮಾಡಿ, “ಅವ್ವಾ, ಹಂಗ ನೋಡಬ್ಯಾಡ್ರಿ, ದೃಷ್ಟಿ ಹತ್ತೀತು. ಇದು ಹಾಲು ಕೊಡೂ ಎಮ್ಮಿ ಅಲ್ರಿ” ಅಂದ. ಅವಳು ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಎರಡನೆಯ ವರ್ಷ ಅವಳಿಗೆ ಕೋಣದ ಉಸಿರು ಕೇಳಿಸಿತು. ಏರು ಹತ್ತಿ ಬಂದ ಮೇಲೆ ಅದು ನಿಂತು ಉಸಿರು ಎಳೆದುಕೊಳ್ಳುತ್ತಿತ್ತು, ಬಿಡುತ್ತಿತ್ತು. ತವರಿನಲ್ಲಿ ಪುರಾಣ ಹೇಳುವ ಶಾಸ್ತ್ರಿಗಳು ಹೇಳಿದ್ದು ನೆನಪಾಯಿತು: ಉಸಿರು ಒಳಗೆ ಹೋಗುವಾಗ ‘ಸೋ’ ಅನ್ನುತ್ತದೆ, ಹೊರಗೆ ಬರುವಾಗ ‘ಹಂ’ ಅನ್ನುತ್ತದೆ, ಅವನೇ ನಾನು ಎಂದು ಅದರ ಅರ್ಥ, ಜೀವವಿರುವುದೆಲ್ಲ ತನಗೆ ಅರಿವಿಲ್ಲದೆಯೇ ಈ ಜಪ ಮಾಡುತ್ತಿರುತ್ತದೆ. ಆಗ ಅದು ಬರಿಯ ಮಾತಾಗಿತ್ತು. ಈಗ ಒಂದು ಕೋಣದ ಮೂಗಿನಿಂದ ಸ್ಪಷ್ಟವಾಗಿ ಕೇಳಿಸಿತು. ಅವಳು ತನ್ನ ಉಸಿರನ್ನು ಅದರ ಉಸಿರಿನ ಜೊತೆ ಹಾಕಿ ನಿಂತಳು. ಚೀಲ ಬರಿದಾಗುವವರೆಗೆ ಅಷ್ಟೇ. ಆದರೆ ಆ ಹೊತ್ತಿನಲ್ಲಿ ನೋಡುವವಳು ಯಾರು, ನೋಡಿಸಿಕೊಳ್ಳುವುದು ಯಾವುದು ಎಂಬ ಗೆರೆ ತೆಳ್ಳಗಾಗುತ್ತಿತ್ತು.

ಆಮೇಲೆ ಅವಳಿಗೆ ಕೋಣದ ಬಲಹೆಗಲಿನ ಹುಣ್ಣು ಕಂಡಿತು. ಅದೇ ದಿನ ಮೀರಾಸಾಬನ ಬಲಹೆಗಲೂ ಇಳಿದಿರುವುದು ಕಂಡಿತು. ಕೋಣ ನೊಂದ ದಿನ ಒಂದು ಚೀಲವನ್ನು ಅವನೇ ಹೊರುತ್ತಿದ್ದ. ಅವನ ಎಡಗಿವಿ ಕೇಳಿಸದೆಂಬುದು ತಿಳಿಯಿತು. ಕರೆದರೂ ಬಾರದ ಸೊಕ್ಕಿನವನೆಂದು ಮನೆಯವರೆಲ್ಲ ಅವನನ್ನು ಬೈಯುತ್ತಿದ್ದರು. ಒಂದು ಬೆಳಿಗ್ಗೆ ಅವಳ ಮುಗಿದ ಕೈ ಕೋಣದಿಂದ ತುಸು ಈಚೆಗೆ ತಿರುಗಿತು. “ಶರಣ್ರಿ ಮೀರಾಸಾಬ” ಅಂದಳು. ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಹೇಳಿದಳೆಂದು.

ಅಲ್ಲಿಂದ ನೋಡುವುದು ನಿಲ್ಲಲಿಲ್ಲ. ಅರಿಶಿನ ಹಸನು ಮಾಡಲು ಬರುವ ಹೆಂಗಸರು, ಹಮಾಲರು, ಕಸದವಳು ನಾಗವ್ವ, ಎಲ್ಲರಿಗೂ ಹೊಸ್ತಿಲಲ್ಲಿ ಅವಳ ಶರಣು ಇತ್ತು. ಮೈದುನ ಗುರುಸಿದ್ಧಪ್ಪನ ಹೆಂಡತಿ ಗಿರಿಜಾಬಾಯಿ ಒಂದು ದಿನ ಕೊಡವನ್ನು ಬಲಸೊಂಟದಿಂದ ಎಡಸೊಂಟಕ್ಕೆ ಬದಲಿಸಿದ್ದನ್ನು ನೋಡಿ ನೀಲಗಂಗವ್ವ ಏನೂ ಕೇಳದೆ ಕೊಡ ಇಳಿಸಿಕೊಂಡಳು. ಮೂರು ತಿಂಗಳ ಬಸಿರು ಇಳಿದುಹೋದದ್ದನ್ನು ಗಿರಿಜಾಬಾಯಿ ಗಂಡನಿಗೂ ಹೇಳಿರಲಿಲ್ಲ. ಕತ್ತಲೆಯ ಅಡಿಗೆಮನೆಯಲ್ಲಿ ನೆಗೆಣ್ಣಿಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ಹೀಗೆ ಹನ್ನೊಂದು ವರ್ಷ. ಮನೆಯವರು ಮೊದಲು ತಲೆ ಕೆಟ್ಟಿದೆ ಅಂದರು, ಆಮೇಲೆ ಅಭ್ಯಾಸವಾಗಿ ಸುಮ್ಮನಾದರು. ಹನ್ನೊಂದನೆಯ ವರ್ಷ ಗಿರಿಜಾಬಾಯಿಗೆ ಕಡೆಗೂ ಗಂಡುಮಗು ಹುಟ್ಟಿ ಉಳಿಯಿತು. ಮಗುವಿಗೆ ಲಿಂಗಧಾರಣೆ ಆಗಬೇಕು. ಅದಕ್ಕೆ ದಿನ ನೋಡಲು ಮನೆತನದ ಅಯ್ಯನವರು ಕಲ್ಲಯ್ಯ ಬೆಳಿಗ್ಗೆಯೇ ಬಂದರು. ಬಂದ ಹೊತ್ತು ಕೋಣ ಬರುವ ಹೊತ್ತು. ಹೊಸ್ತಿಲಲ್ಲಿ ನಿಂತ ನೀಲಗಂಗವ್ವ ಅವರಿಗೆ ಬಾಗಿ “ಶರಣ್ರಿ ಅಯ್ಯಾರ” ಅಂದಳು. ಅದೇ ಉಸಿರಿನಲ್ಲಿ, ಅಷ್ಟೇ ಬಾಗಿ, ಅವರ ಹಿಂದೆ ಬಂದ ಪಖಾಲಿಗೂ ಶರಣು ಅಂದಳು.

ಕಲ್ಲಯ್ಯನವರು ಪಡಸಾಲೆಯಲ್ಲಿ ಕೂತು ಪಾದ ತೊಳೆಸಿಕೊಳ್ಳಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಹೆಂಗಸು ಲಿಂಗಕ್ಕೆ, ಜಂಗಮನಿಗೆ ಹೇಳುವ ಮಾತನ್ನು ತೊಗಲಿನ ಚೀಲದವನಿಗೆ ಹೇಳುವುದನ್ನು ಯಾರು ಕಲಿಸಿದರು ಎಂದು ಕೇಳಿದರು. ಗುರುವಿನ ಮಾತು ಗುಟ್ಟೆಂದು ನೀಲಗಂಗವ್ವನಿಗೆ ಗೊತ್ತಿತ್ತು. ಆದರೆ ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಹರಿಪುರದ ಮಹಾರಾಜರ ಉಪದೇಶ ಅಂದಳು. ಏನು ಉಪದೇಶ ಎಂದರು. ಹನ್ನೊಂದು ವರ್ಷ ಬಾಯಿಂದ ಹೊರಗೆ ಬಾರದ ಮಾತನ್ನು ಅವಳು ಅಂದು ಎಲ್ಲರ ಮುಂದೆ ಹೇಳಿದಳು, ಕನ್ನಡದ ಅರ್ಥ ಸಹಿತ.

ಕೂಸನ್ನು ನೋಡಲು ಬಂದಿದ್ದ ಜಿನಮತಿ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ಪಕ್ಕದ ಮನೆಯ ಜೈನರ ಸೊಸೆ, ಕವಲಾಪುರದವಳು, ಎರಡೂ ಭಾಷೆ ಅರೆದು ಕುಡಿದವಳು, ನಾಲಿಗೆಯ ಮೇಲೆ ಹಿಡಿತವಿಲ್ಲದವಳು. ಅವಳಿಗೆ ನಗು ತಡೆಯಲಾಗಲಿಲ್ಲ.

“ಅಯ್ಯ ನನ ಶಿವನ, ನೀಲಗಂಗಕ್ಕಾ. ಅವ್ರು ಮರಾಠ್ಯಾಗ ಹೇಳ್ಯಾರ. ಬಾಗಲಿಗೆ ಯಾರು ಬರ್ತಾರ ನೋಡು, ಅವರೇ ದೇವರು ಅಂದಾರ. ನೀ ಹನ್ನೊಂದು ವರ್ಷ ಕೋಣಕ್ಕ ಕೈ ಮುಗದೀಯಲ್ಲ.”

ಪಡಸಾಲೆಯಲ್ಲಿ ಎಲ್ಲರೂ ನಕ್ಕರು. ಗುರುಸಿದ್ಧಪ್ಪನಿಗಂತೂ ಎದೆಯ ಭಾರ ಇಳಿದಂತಾಯಿತು. ಬರಿಯ ತಪ್ಪು ತಿಳುವಳಿಕೆ, ತಿದ್ದಿದರೆ ಮುಗಿಯಿತು! ಕಲ್ಲಯ್ಯನವರೂ ಮೆತ್ತಗಾದರು. ಆದರೆ ಒಂದು ಕರಾರು ಹಾಕಿದರು: ಈಕೆ ಆ ಬೈರಾಗಿಯ ಬಾಯಿಂದಲೇ ತಿದ್ದಿಸಿಕೊಳ್ಳಬೇಕು, ಹೊಸ್ತಿಲು ಬಿಟ್ಟು ಒಳಗಿರಬೇಕು, ಕಂಡಕಂಡವರಿಗೆ ಶರಣು ಅನ್ನುವುದನ್ನು ನಿಲ್ಲಿಸಬೇಕು. ಅಲ್ಲಿಯವರೆಗೆ ಈ ಮನೆಯಲ್ಲಿ ತಾವು ಕಾಲಿಡುವುದಿಲ್ಲ, ಕೂಸಿಗೆ ಲಿಂಗ ಕಟ್ಟುವುದಿಲ್ಲ.

ಅವಮಾನ ಅವಳನ್ನು ಮೂರು ದಿನ ಕೋಣೆಯೊಳಗೆ ಕೂರಿಸಿತು. ಬೀದಿಯಲ್ಲಿ ಹುಡುಗರು ಆಗಲೇ ಹಾಡು ಕಟ್ಟಿದ್ದರು. ಕೋಣದ ಕಾಲ ಸಪ್ಪಳ ಬಂದಾಗ ಅವಳು ಕಿವಿ ಮುಚ್ಚಿಕೊಂಡಳು. ಸರಿಯಾದ ಮಾತನ್ನು ಹಿಡಿಯಲು ಯತ್ನಿಸಿದಳು: ಯಾರು ಬರುತ್ತಾರೆ, ಯಾರು, ಯಾರು. ಆ ಮಾತು ಹಲ್ಲಿಗೆ ಸಿಕ್ಕ ನಾರಿನಂತಾಯಿತು. ನಾಲ್ಕನೆಯ ಬೆಳಿಗ್ಗೆ, ಕಿವಿ ಮುಚ್ಚಿಕೊಂಡಿದ್ದರೂ, ತನ್ನ ಉಸಿರು ಹೊರಗಿನ ಕೋಣದ ಉಸಿರಿನ ಜೊತೆ ತಾನಾಗಿಯೇ ಹೋಗಿ ಬರುತ್ತಿರುವುದು ಅವಳ ಗಮನಕ್ಕೆ ಬಂತು. ಮಾತು ತಪ್ಪಾಗಿತ್ತು. ಇದು ತಪ್ಪಾಗಿರಲಿಲ್ಲ. ಅವಳು ಕೈ ಇಳಿಸಿದಳು.

ಸೋಮವಾರ ಚಕ್ಕಡಿ ಕಟ್ಟಿದರು. ಗುರುಸಿದ್ಧಪ್ಪ, ಕಲ್ಲಯ್ಯನವರು, ನೀಲಗಂಗವ್ವ ಹರಿಪುರಕ್ಕೆ ಹೋದರು. ಮಹಾರಾಜ ಈಗ ಮುದುಕನಾಗಿದ್ದ, ಆದರೆ ಬೆನ್ನು ಕೋಲಿನ ಹಾಗೆ ನೆಟ್ಟಗಿತ್ತು. ಅವನಿಗೆ ಅವಳ ನೆನಪಿರಲಿಲ್ಲ. ಗುರುಸಿದ್ಧಪ್ಪ ಎಲ್ಲವನ್ನೂ ಮರಾಠಿಯಲ್ಲಿ ವಿವರಿಸಿದಾಗ ಮುದುಕ ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಹೇಳಿದ: ನಾನು ಬಂದವರಿಗೆಲ್ಲ ಇದನ್ನೇ ಹೇಳುತ್ತೇನೆ ಮಗಳೇ, ಬಂದವನು ಯಾರೆಂದು ನೋಡು, ಅವನೊಳಗಿನ ಆತ್ಮನನ್ನು ನೋಡು ಎಂದು ಅದರ ಅರ್ಥ, ತಪ್ಪು ಮಂತ್ರಕ್ಕೆ ಫಲವಿಲ್ಲ, ಕೋಣವನ್ನು ಬಿಡು, ಮನೆಯ ಹಿರಿಯರು ಹೇಳಿದಂತೆ ನಡೆ, ನಾಳೆಯಿಂದ ಹೊಸದಾಗಿ ಪ್ರಾರಂಭಿಸು.

ಕಲ್ಲಯ್ಯನವರು ತೃಪ್ತಿಯಿಂದ ಶಾಲು ಸರಿಪಡಿಸಿಕೊಂಡರು. ಗುರುಸಿದ್ಧಪ್ಪ ಏಳಲು ನೋಡಿದ. ನೀಲಗಂಗವ್ವ ಏಳಲಿಲ್ಲ. ಈಗ ಅವಳಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ಆದರೂ ಕನ್ನಡದಲ್ಲೇ ಮಾತಾಡಿದಳು. ಅವನಿಗೆ ಅರ್ಥವಾಗಬೇಕಿದ್ದರೆ ಯಾರಾದರೂ ಹೇಳಲಿ ಎಂಬಂತೆ.

“ನೀವು ಹೇಳಿದ್ದು ಯಾರು ಅಂತ. ನಾ ಕೇಳಿದ್ದು ಕೋಣ ಅಂತ. ತಪ್ಪು ನಂದು, ಒಪ್ಕೋತೀನ್ರಿ. ಆದ್ರ ನೀವು ಹೇಳಿದಂಗ ಮಂದೀನ ಮೊದಲ ನೋಡಿದ್ದರ, ನನಗ ಏನು ಕಾಣ್ತಿತ್ತು? ಅಂವ ತುರುಕ, ಇಕಿ ಕಸದಾಕಿ, ಇವ್ರು ಅಯ್ಯಾರು, ಅಷ್ಟ ಕಾಣ್ತಿತ್ತು. ಹುಟ್ಟಿದಾಗಿಂದ ಅದನ್ನ ಕಾಣೂ ಕಣ್ಣು ಇವು. ಕೋಣಕ್ಕ ಜಾತಿ ಇದ್ದಿಲ್ಲ ನೋಡ್ರಿ. ಅದಕ್ಕ ಅಲ್ಲಿ ಕಣ್ಣು ಬಿಚ್ಚಿದುವು. ಹೊಸದಾಗಿ ಚಾಲೂ ಮಾಡೂದಿಲ್ಲ ನಾ. ನೋಡಿದ್ದನ್ನ ನೋಡಿಲ್ಲ ಅಂತ ಹೆಂಗ ಮಾಡ್ಲಿ?”

ಗುರುಸಿದ್ಧಪ್ಪ ಇದನ್ನು ಮರಾಠಿಗೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಬೀಳಲಿಲ್ಲ. ಹರಿಪುರದಲ್ಲಿ ಅಷ್ಟು ವರ್ಷ ಕೂತ ಮುದುಕನಿಗೆ ಒಂದಿಷ್ಟು ಕನ್ನಡ ತಿಳಿಯುತ್ತಿತ್ತು. ಅವನು ಅವಳನ್ನು ದಿಟ್ಟಿಸಿದ, ಕಣ್ಣು ಮುಚ್ಚಿಕೊಂಡ, ಅವರು ಹೊರಡುವವರೆಗೂ ತೆರೆಯಲಿಲ್ಲ. ಅದು ಸಿಟ್ಟೋ ಸಮ್ಮತಿಯೋ ಹೇಳುವುದು ಕಷ್ಟ. ಕಲ್ಲಯ್ಯನವರು ಸಿಟ್ಟು ಎಂದು ತಿಳಿದರು. ನೀಲಗಂಗವ್ವ ಯಾವುದೆಂದು ಕಾದು ನೋಡಲಿಲ್ಲ. ಅವನಿಗೂ ಒಂದು ಶರಣು ಹೇಳಿ ಚಕ್ಕಡಿಯ ಕಡೆ ನಡೆದಳು.

ಕಲ್ಲಯ್ಯನವರು ಆ ಚಕ್ಕಡಿ ಹತ್ತಲಿಲ್ಲ. ನಡೆದೇ ಹೋಗುತ್ತೇನೆ, ನಾಳೆಯೊಳಗೆ ಹೇಳಿಕಳಿಸು, ಆಕೆ ಹೊಸ್ತಿಲಲ್ಲಿರುವ ಮನೆಗೆ ನಾನು ಬರುವವನಲ್ಲ ಎಂದು ಗುರುಸಿದ್ಧಪ್ಪನಿಗೆ ಹೇಳಿ ಮುಂದೆ ನಡೆದರು. ಮನೆಗೆ ಬಂದ ಮೇಲೆ ಗುರುಸಿದ್ಧಪ್ಪ ಪಡಸಾಲೆಯಲ್ಲಿ ಅತ್ತಿಗೆಯ ಮುಂದೆ ಕೂತು, ವೈನಿ, ನಿಮ್ಮ ಕಾಲು ಹಿಡೀತೀನಿ, ಕೂಸಿನ ಸಲುವಾಗಿ ಒಂದು ಹೂಂ ಅನ್ನಿರಿ ಎಂದು ಬೇಡಿಕೊಂಡ. ನಾಲ್ಕು ಬಸಿರು ಕಳೆದು ಉಳಿದ ಕೂಸು. ಕೊರಳಲ್ಲಿ ಲಿಂಗವಿಲ್ಲದೆ ಅದಕ್ಕೇನಾದರೂ ಆದರೆ? ಗಿರಿಜಾಬಾಯಿ ಬಾಗಿಲ ಸಂದಿಯಲ್ಲಿ ಕೂಸನ್ನು ಎದೆಗೊತ್ತಿ ನಿಂತಿದ್ದಳು. ಅವಳ ಹೆದರಿಕೆ ಎಷ್ಟು ದೊಡ್ಡದೆಂದು ನೀಲಗಂಗವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅಯ್ಯಾರಿಗೆ ಹೇಳಿ ಕಳಸು, ನಾಳೆ ಬರ್ರಿ ಅಂತ” ಅಂದಳು ನೀಲಗಂಗವ್ವ.

ಗುರುಸಿದ್ಧಪ್ಪನ ಮುಖ ಅರಳಿತು. “ಅಂದ್ರ ಬಿಟ್ರಿ?”

“ಬಿಟ್ಟಿಲ್ಲ. ನಾ ಈ ಹೊಸ್ತಿಲದಾಗ ಇದ್ದರ ಬರೂದಿಲ್ಲ ಅಂದಾರಲ್ಲ, ಇಲ್ಲಿ ಇರೂದಿಲ್ಲ. ಹಿಂದಿನ ವಖಾರಿ ನನಗ ಕೊಡು. ಅಲ್ಲಿ ನಂದ ಬ್ಯಾರೆ ಬಾಗಲ ಐತಿ.”

ಹಿಂದಿನ ವಖಾರಿ ಎಂದರೆ ಮನೆಯ ಹಿತ್ತಿಲಿಗೆ ಅಂಟಿಕೊಂಡ, ಈಗ ಬಳಸದ ಹಳೆಯ ಅರಿಶಿನದ ಕೋಣೆ. ಅದರ ಒಂದು ಬಾಗಿಲು ಮನೆಯೊಳಕ್ಕೆ, ಇನ್ನೊಂದು ಹಿಂದಿನ ಗಲ್ಲಿಗೆ. ಆ ಗಲ್ಲಿಯಲ್ಲಿ ಅಡ್ಡಾಡುವವರು ಹಮಾಲರು, ಕಸದವರು, ಮಿರಜೆಯ ರೈಲಿಗೆ ಹೋಗುವ ಕೂಲಿಯವರು. ಮನೆತನದ ಸೊಸೆ ಅಲ್ಲಿರುವುದೆಂದರೆ ಊರ ಬಾಯಿಗೆ ಬೀಳುವುದೇ. ಗುರುಸಿದ್ಧಪ್ಪ ಬೇಡವೆಂದ, ಸಿಟ್ಟಾದ, ನಿಮಗೆ ಒಂದು ಮಾತು ಬಿಡುವುದು ಇಷ್ಟು ಕಷ್ಟವೇ ಎಂದು ಕೇಳಿದ. ಅವಳು ಆಗಲೇ ಹಾಸಿಗೆ ಸುತ್ತಿಕೊಳ್ಳುತ್ತಿದ್ದಳು. ಎರಡು ಸೀರೆ, ಲಿಂಗಪೂಜೆಯ ಸಾಮಾನು, ಒಂದು ತಂಬಿಗೆ. ಗಿರಿಜಾಬಾಯಿ ಬಂದು ಹಾಸಿಗೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಕೂಡಿ ಅದನ್ನು ಹಿತ್ತಿಲು ದಾಟಿಸಿದರು.

ಸಂಜೆ ಗುರುಸಿದ್ಧಪ್ಪ ಬೀಗ ತಂದ. ಒಳಬಾಗಿಲು ಹಾಕಿರಬೇಕು ಎಂದು ಕಲ್ಲಯ್ಯನವರು ಹೇಳಿ ಕಳಿಸಿದ್ದರು. ಅವನು ಬೀಗ ಹಿಡಿದು ನಿಂತಾಗ ನೀಲಗಂಗವ್ವ ಅವನನ್ನು ನೋಡಿದಳು. ಹನ್ನೊಂದು ವರ್ಷ ಬಾಗಿಲಿಗೆ ಬಂದವರನ್ನೆಲ್ಲ ನೋಡಿದವಳು, ಮನೆಯೊಳಗೇ ಇದ್ದ ಇವನನ್ನು ಹೀಗೆ ನೋಡಿರಲಿಲ್ಲ. ಅಣ್ಣ ಸತ್ತಾಗ ಇವನಿಗೆ ಹದಿನೇಳು. ಅಂದಿನಿಂದ ಇಡೀ ಮನೆಯನ್ನು ಹೊತ್ತು, ಯಾರಿಗೂ ಕೋಪ ಬಾರದಂತೆ ನೋಡಿಕೊಳ್ಳುವುದರಲ್ಲೇ ಇಪ್ಪತ್ತೆಂಟಕ್ಕೇ ಇವನ ಕೂದಲು ನರೆತಿತ್ತು. ಅವಳು ಕೈ ಮುಗಿದಳು.

“ಶರಣ್ರಿ, ಗುರುಸಿದ್ಧಪ್ಪ.”

“ನನಗ್ಯಾಕ ಅಂತೀರಿ ವೈನಿ” ಅಂದ ಅವನು. “ನಾ ಸಣ್ಣಾವ. ಅದೂ ಬೀಗ ಹಾಕಾಕ ಬಂದಾವ.”

“ಗೊತ್ತೈತಿ. ಹಾಕು.”

ಅವನು ಕದ ಎಳೆದುಕೊಂಡ. ಆಚೆಯಿಂದ ಚಿಲಕ ಬಿದ್ದ ಸಪ್ಪಳ ಬಂತು, ಬಹಳ ಹೊತ್ತಿನ ಮೇಲೆ ಕೀಲಿ ತಿರುಗಿದ ಸಪ್ಪಳ. ವಖಾರಿಯಲ್ಲಿ ಕತ್ತಲೆ, ಮೂಗಿಗೆ ಹತ್ತುವ ಹಳದಿ ಧೂಳು. ನೀಲಗಂಗವ್ವ ಗಲ್ಲಿಯ ಬಾಗಿಲಿಗೆ ಬಂದಳು. ಎಷ್ಟೋ ಮಳೆಗಾಲ ಮುಚ್ಚೇ ಇದ್ದ ಬಾಗಿಲು, ಕದ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಕೈಯಿಂದ ನೂಕಿದಳು, ಜಗ್ಗಲಿಲ್ಲ. ಸೆರಗು ಬಿಗಿದು ಹೆಗಲು ಕೊಟ್ಟಳು. ಮೂರನೆಯ ಸಲಕ್ಕೆ ಒಂದು ಕದ ಕಿರುಗುಟ್ಟಿ ಹೊರಗೆ ಸರಿಯಿತು, ಬೆಳಕು ಬಿತ್ತು. ಗಲ್ಲಿಯಲ್ಲಿ ಮೂಟೆ ಹೊತ್ತು ಹೋಗುತ್ತಿದ್ದ ಒಬ್ಬ ಹಮಾಲ ನಿಂತು, ಒಂದು ಕದ ತೆರೆದರೆ ಸಾಕಲ್ಲವೇ ತಾಯಿ ಎಂದು ಮರಾಠಿಯಲ್ಲಿ ಕೇಳಿದ.

ಸಾಲದು, ಬರುವವರು ಬಹಳ ಎಂದು ಹೇಳಿ ಅವಳು ಎರಡನೆಯದಕ್ಕೂ ಹೆಗಲು ಕೊಟ್ಟಳು.